ವಿದೇಶ ವ್ಯಾಸಂಗಕ್ಕೆ ಧನಸಹಾಯ: ಅರ್ಜಿಯ ಬೇರು ಅಂಗಡಿಯ ಲೆಕ್ಕಪತ್ರದಲ್ಲಿದೆ

ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಜನಿಸಿದ ಡಾ. ಡಿ.ಸಿ. ಪಾವಟೆಯವರು ಕೇಂಬ್ರಿಡ್ಜಿನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ವ್ಯಾಸಂಗ ಮಾಡಿ ರ‍್ಯಾಂಗ್ಲರ್ ಪದವಿ ಪಡೆದವರು. ಮುಂದೆ 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ, ಅನಂತರ ಪಂಜಾಬದ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. ಅವರ ಹೆಸರಿನಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಪ್ರತಿಷ್ಠಾನವು ಕರ್ನಾಟಕದ ವಿದ್ವಾಂಸರನ್ನು ಅದೇ ಕೇಂಬ್ರಿಡ್ಜಿಗೆ ಕಳುಹಿಸುವ ಪಾವಟೆ ಫೆಲೋಶಿಪ್ ನೀಡುತ್ತ ಬಂದಿದೆ. ಗೋಕಾಕ ತಾಲೂಕಿನ ಹಳ್ಳಿಯಿಂದ ಕೇಂಬ್ರಿಡ್ಜಿಗೆ ದಾರಿ ಇದೆ ಎಂಬುದು ಈ ಭಾಗದ ಜನರಿಗೆ ಹೊಸ ಸಂಗತಿಯೇನೂ ಅಲ್ಲ.

ಹೊಸದಾಗಿರುವುದು ಆ ದಾರಿ ಹಿಡಿಯುವವರ ಹಿನ್ನೆಲೆ. ನಿಡಸೋಶಿಯ ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿದವರು, ಅರಭಾವಿಯ ತೋಟಗಾರಿಕೆ ಮಹಾವಿದ್ಯಾಲಯದ ಪದವೀಧರರು, ಬೆಳಗಾವಿಯಲ್ಲಿ ಕಲಿತು ಮರಳಿದವರು: ಇವರಲ್ಲಿ ಕಿರಾಣಿ ಅಂಗಡಿ, ಅಡತಿ, ಕರದಂಟು ತಯಾರಿಕೆ, ವರ್ಕ್‌ಶಾಪ್, ಆಯಿಲ್ ಮಿಲ್ ನಡೆಸುವ ಮನೆಗಳ ಮಕ್ಕಳೂ ಇದ್ದಾರೆ. ಅಂಕಗಳು ಸಾಕಷ್ಟಿರುತ್ತವೆ, ವಿದೇಶಿ ವಿಶ್ವವಿದ್ಯಾಲಯದ ಪ್ರವೇಶ ಪತ್ರವೂ ಕೈಸೇರಿರುತ್ತದೆ. ಆದರೆ ಧನಸಹಾಯದ ಅರ್ಜಿಯನ್ನು ಭರ್ತಿ ಮಾಡಲು ಕುಳಿತಾಗ ಗಾಡಿ ನಿಲ್ಲುತ್ತದೆ. ನಿಲ್ಲಿಸುವುದು ವಿದ್ಯಾರ್ಥಿಯ ಬುದ್ಧಿಮತ್ತೆಯ ಕೊರತೆಯಲ್ಲ, ತಂದೆಯ ಕಾಗದಪತ್ರಗಳ ಅವ್ಯವಸ್ಥೆ. ಸದಸ್ಯ ಬಾಂಧವರು ಈ ವಿಷಯವನ್ನು ಮಗ ಅಥವಾ ಮಗಳ ಕೆಲಸವೆಂದು ಬಿಡದೆ, ತಮ್ಮ ಲೆಕ್ಕಪತ್ರದ ಕೆಲಸವೆಂದು ಕಾಣುವುದು ಅವಶ್ಯವಾಗಿದೆ.

ಯಾರಿಂದ ಏನು ದೊರೆಯುತ್ತದೆ

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅನುದಾನ ಎಂದರೆ ಮರಳಿಸಬೇಕಿಲ್ಲದ ಹಣ. ಹೆಸರಿನಲ್ಲಿ ಸ್ಕಾಲರ್‌ಶಿಪ್ ಎಂದಿದ್ದರೂ ಕೆಲವು ಸಾಲಗಳೇ ಆಗಿರುತ್ತವೆ. 1892ರಲ್ಲಿ ಸ್ಥಾಪನೆಯಾದ ಜೆ.ಎನ್. ಟಾಟಾ ಎಂಡೋಮೆಂಟ್ ನೀಡುವುದು ಇಂಥ ಸಾಲ ವಿದ್ಯಾರ್ಥಿವೇತನ. ಅದರ ಮೊದಲ ಫಲಾನುಭವಿಗಳಲ್ಲಿ ಒಬ್ಬರಾದ ಡಾ. ಕೃಷ್ಣಾಬಾಯಿ ಕೆಳವಕರ ಅವರು ವೈದ್ಯರಾಗಿ ಸೇವೆ ಸಲ್ಲಿಸಿದ್ದು ಸಂಕೇಶ್ವರದಿಂದ ಬಹು ದೂರವೇನೂ ಇಲ್ಲದ ಕೊಲ್ಲಾಪುರದಲ್ಲಿ. ಅಲ್ಲಿ ಪ್ರತಿಭೆಗೆ ಮಹತ್ವ; ಆದರೆ ಪಡೆದ ಹಣ ಕುಟುಂಬದ ಹೊಣೆಗಾರಿಕೆಯ ಪಟ್ಟಿಗೆ ಸೇರಬೇಕೆಂಬುದನ್ನು ಮರೆಯಬಾರದು.

ಭಾರತ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಪೂರ್ಣ ಅನುದಾನ. ಪರಿಶಿಷ್ಟ ಜಾತಿ ಹಾಗೂ ಅಲೆಮಾರಿ ಸಮುದಾಯಗಳ ಜೊತೆಗೆ ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳೂ ಇದರ ವ್ಯಾಪ್ತಿಯಲ್ಲಿದ್ದಾರೆ. ಕೊನೆಯ ಈ ಮಾತು ಗೋಕಾಕದ ಮಟ್ಟಿಗೆ ಗಮನಾರ್ಹ. ಕಟ್ಟಿಗೆಯ ಗೊಂಬೆ ಮತ್ತು ಕೃತಕ ಹಣ್ಣು, ತರಕಾರಿಗಳನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದ ಕುಟುಂಬಗಳ ಮಕ್ಕಳು ಈ ಬಾಗಿಲನ್ನು ತಟ್ಟಿ ನೋಡಬಹುದು. ಕುಟುಂಬದ ವಾರ್ಷಿಕ ಆದಾಯ ರೂ. 8 ಲಕ್ಷ ಮೀರಬಾರದು, ಅಭ್ಯರ್ಥಿಗೆ 35 ವರ್ಷ ತುಂಬಿರಬಾರದು, ಅರ್ಹತಾ ಪರೀಕ್ಷೆಯಲ್ಲಿ ಶೇ. 60 ಅಂಕಗಳು ಇರಬೇಕೆಂಬುದು ಅದರ ಮುಖ್ಯ ಷರತ್ತುಗಳು. ಕುಶಲಕರ್ಮಿ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಕರಕುಶಲಿಗಳ ಪೆಹಚಾನ್ ಕಾರ್ಡ್ ಮೊದಲಾದ ಕಸುಬಿನ ದಾಖಲೆಗಳನ್ನು ಮುಂಚಿತವಾಗಿಯೇ ಮಾಡಿಸಿಟ್ಟುಕೊಳ್ಳುವುದು ಹಿತ. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯೂ ಇದೆ.

ಆದಾಯ ಮಿತಿಯ ಹೊರಗಿರುವ ಮನೆಗಳಿಗೆ ಬ್ರಿಟನ್ನಿನ ಚೀವ್ನಿಂಗ್, ಜರ್ಮನಿಯ ಡಾಡ್, ಯುರೋಪಿನ ಎರಾಸ್ಮಸ್ ಮುಂಡಸ್, ಅಮೆರಿಕದ ಫುಲ್‌ಬ್ರೈಟ್-ನೆಹರು ಮುಂತಾದವು ಉಳಿಯುತ್ತವೆ. ಇನ್ನು ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲಿಯೇ ನಿವಾರಿಸುವುದು ಒಳ್ಳೆಯದು. ಅಲ್ಪಸಂಖ್ಯಾತ ಸಮುದಾಯಗಳಿಗಿದ್ದ ಪಢೋ ಪರದೇಶ್ ಬಡ್ಡಿ ಸಹಾಯಧನ ಯೋಜನೆಯು 2022-23ರಿಂದ ನಿಂತುಹೋಗಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯು ಭಾರತದೊಳಗಿನ ಆಯ್ದ ಸಂಸ್ಥೆಗಳ ವ್ಯಾಸಂಗಕ್ಕೆ ಮಾತ್ರ ಅನ್ವಯ. ಇವುಗಳ ಹೆಸರು ಹೇಳಿ ಮುಂಗಡ ಶುಲ್ಕ ಕೇಳುವ ಮಧ್ಯವರ್ತಿಯನ್ನು ಬಾಗಿಲಿನಿಂದಲೇ ಕಳುಹಿಸಬೇಕು.

ಒಂದು ಮನೆ, ಮೂರು ಆದಾಯ

ಉದಾಹರಣೆಗೆ ಗೋಕಾಕದ ಕರದಂಟು ತಯಾರಕ ಕುಟುಂಬವೊಂದನ್ನು ಕಲ್ಪಿಸಿಕೊಳ್ಳೋಣ. ಆದಾಯ ತೆರಿಗೆ ರಿಟರ್ನಿನಲ್ಲಿ ತಂದೆಯ ಆದಾಯ ರೂ. 4.80 ಲಕ್ಷ. ಮಗಳ ಪಿಯುಸಿ ಕಾಲದಲ್ಲಿ ಶುಲ್ಕ ವಿನಾಯಿತಿಗಾಗಿ ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರದಲ್ಲಿ ರೂ. 1.20 ಲಕ್ಷ. ಶಿಕ್ಷಣ ಸಾಲಕ್ಕಾಗಿ ಬ್ಯಾಂಕಿಗೆ ಕೊಟ್ಟ ಅರ್ಜಿಯಲ್ಲಿ ರೂ. 14 ಲಕ್ಷ. ಮೂರೂ ಒಂದೇ ಅಂಗಡಿಯ, ಒಂದೇ ಮನೆಯ ಆದಾಯ. ತೆರಿಗೆ ಇಲಾಖೆಗೆ ಒಂದು, ತಹಶೀಲ್ದಾರರಿಗೆ ಒಂದು, ಬ್ಯಾಂಕಿಗೆ ಒಂದು ಎಂಬ ಈ ರೂಢಿ ಬಹುಕಾಲ ನಡೆದುಬಂತು, ಏಕೆಂದರೆ ಮೂರು ಕಾಗದಗಳು ಒಂದೇ ಮೇಜಿನ ಮೇಲೆ ಎಂದೂ ಸೇರುತ್ತಿರಲಿಲ್ಲ. ವಿದೇಶ ವ್ಯಾಸಂಗದ ಅರ್ಜಿಯಲ್ಲಿ ಮೂರೂ ಒಟ್ಟಿಗೆ ಸೇರುತ್ತವೆ. ಆದಾಯ ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಗಣಕಯಂತ್ರದಲ್ಲಿ ಹಾಕಿ ಯಾರು ಬೇಕಾದರೂ ಪರಿಶೀಲಿಸಬಹುದು. ರಿಟರ್ನಿನ ಸ್ವೀಕೃತಿಯ ಮೇಲೆ ಸಲ್ಲಿಸಿದ ದಿನಾಂಕವಿರುತ್ತದೆ. ಸುಳ್ಳು ಮಾಹಿತಿ ಕಂಡುಬಂದಲ್ಲಿ ಮಂಜೂರಾತಿ ರದ್ದತಿ ಹಾಗೂ ಕೊಟ್ಟ ಹಣದ ವಸೂಲಿ ಎಂಬ ಷರತ್ತು ಇಂಥ ಯೋಜನೆಗಳಲ್ಲಿ ಸಾಮಾನ್ಯ. ಮಗಳು ಪರದೇಶದಲ್ಲಿ ಎರಡನೆಯ ಸೆಮಿಸ್ಟರಿನಲ್ಲಿರುವಾಗ ಅಂಥ ಪತ್ರ ಬಂದರೆ ಮನೆಯ ಸ್ಥಿತಿ ಏನಾಗಬಹುದೆಂದು ವಿವರಿಸಬೇಕಿಲ್ಲ.

ಆದುದರಿಂದ ಸಿದ್ಧತೆ ಪದವಿಯ ಕೊನೆಯ ವರ್ಷದಲ್ಲಿ ಅಲ್ಲ, ಎರಡನೆಯ ವರ್ಷದಲ್ಲಿಯೇ ಆರಂಭವಾಗಬೇಕು. ಸಾಮಾನ್ಯವಾಗಿ ಕೇಳುವುದು ಎರಡು ಅಥವಾ ಮೂರು ವರ್ಷಗಳ ರಿಟರ್ನುಗಳನ್ನು. ಮೂರು ವರ್ಷಗಳ ರಿಟರ್ನುಗಳನ್ನು ಒಂದೇ ವಾರದಲ್ಲಿ ಸಲ್ಲಿಸಿದ ಕಡತವು ಪರಿಶೀಲಕರಿಗೆ ಏನು ಹೇಳುತ್ತದೆ ಎಂಬುದು ಯಾರಿಗಾದರೂ ತಿಳಿಯುತ್ತದೆ. ಹಿಂದಿನ ವರ್ಷಗಳಲ್ಲಿ ಆದಾಯವನ್ನು ಕಡಿಮೆ ತೋರಿಸಿದ್ದಲ್ಲಿ, ಹೆಚ್ಚುವರಿ ತೆರಿಗೆ ತೆತ್ತು ಪರಿಷ್ಕರಿಸಿದ ರಿಟರ್ನ್ ಸಲ್ಲಿಸಲು 2025ರ ತಿದ್ದುಪಡಿಯಿಂದ ನಾಲ್ಕು ವರ್ಷಗಳ ಅವಕಾಶ ದೊರೆತಿದೆ. ಅದು ದುಬಾರಿ ದಾರಿ, ಆದರೆ ನ್ಯಾಯವಾದ ದಾರಿ.

ಸಣ್ಣ ವ್ಯಾಪಾರಿಗಳಲ್ಲಿ ಅನೇಕರು ಅಂದಾಜು ಆದಾಯ ಪದ್ಧತಿಯಲ್ಲಿ, ವಹಿವಾಟಿನ ಶೇ. 8 ಅಥವಾ ಶೇ. 6ನ್ನು ಲಾಭವೆಂದು ತೋರಿಸಿ ರಿಟರ್ನ್ ಸಲ್ಲಿಸುತ್ತಾರೆ. ಕಾನೂನಿನ ದೃಷ್ಟಿಯಿಂದ ತಪ್ಪಿಲ್ಲ. ಲೆಕ್ಕ ಪುಸ್ತಕ ಇಡುವ ಕಡ್ಡಾಯವೂ ಇಲ್ಲ. ಆದರೆ ಬ್ಯಾಂಕು ಮತ್ತು ಧನಸಹಾಯ ಸಂಸ್ಥೆಗಳು ಆಸ್ತಿ-ಹೊಣೆ ಪಟ್ಟಿಯನ್ನು ಕೇಳುತ್ತವೆ. ಕಿರ್ದಿ, ಖಾತೆ ಪುಸ್ತಕಗಳಿಲ್ಲದ ಮನೆ ಆಗ ಏನನ್ನು ಕೊಡುತ್ತದೆ? ಕಾನೂನು ಕೇಳದಿದ್ದರೂ ಮಗಳಿಗಾಗಿ ಮೂರು ವರ್ಷ ಕಿರ್ದಿ ಬರೆಯಿಸುವುದು ಖರ್ಚಿನ ಬಾಬತ್ತಲ್ಲ.

ಕೃಷಿ ಆದಾಯದ ವಿಷಯದಲ್ಲಿ ಮೂಡಲಗಿ, ಹುಕ್ಕೇರಿ ಭಾಗದ ಮನೆಗಳು ವಿಶೇಷ ಎಚ್ಚರ ವಹಿಸಬೇಕು. ಅಂಗಡಿಯ ಜೊತೆಗೆ ನಾಲ್ಕೆಂಟು ಎಕರೆ ಕಬ್ಬು ಇರುವುದು ಇಲ್ಲಿ ಸಾಮಾನ್ಯ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಾದ್ದರಿಂದ ಅದನ್ನು ಆದಾಯವೆಂದೇ ಭಾವಿಸದವರಿದ್ದಾರೆ. ತೆರಿಗೆ ವಿನಾಯಿತಿ ಬೇರೆ, ಆದಾಯವಲ್ಲ ಎಂಬುದು ಬೇರೆ. ಧನಸಹಾಯದ ಅರ್ಜಿ ಕೇಳುವುದು ಎಲ್ಲ ಮೂಲಗಳ ಒಟ್ಟು ಆದಾಯವನ್ನು. ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲು ಬ್ಯಾಂಕ್ ಖಾತೆಗೇ ಜಮೆಯಾಗುವುದರಿಂದ ಅದು ಪಾಸ್‌ಬುಕ್ಕಿನಲ್ಲಿ ಎದ್ದು ಕಾಣುತ್ತದೆ. ರಿಟರ್ನಿನ ಕೃಷಿ ಆದಾಯದ ಅಂಕಣ ಖಾಲಿ ಇದ್ದು, ಪಾಸ್‌ಬುಕ್ಕಿನಲ್ಲಿ ಲಕ್ಷಾಂತರ ರೂಪಾಯಿ ಜಮೆ ಇದ್ದರೆ ಆ ಜಮೆ ಸಹಾಯವಾಗುವ ಬದಲು ಸಂಶಯಕ್ಕೆ ಕಾರಣವಾಗುತ್ತದೆ. ಉತಾರ, ಕಾರ್ಖಾನೆಯ ಬಿಲ್ಲು, ಬ್ಯಾಂಕಿನ ಜಮೆ, ರಿಟರ್ನು ಈ ನಾಲ್ಕೂ ಪರಸ್ಪರ ತಾಳೆಯಾಗಬೇಕು.

ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದುದರಿಂದ ‘ತೆರಿಗೆ ವರ್ಷ’ ಎಂಬ ಒಂದೇ ಪದ ಬಂದಿದೆ. ಆದರೆ ಕಡತದಲ್ಲಿರುವ ಹಳೆಯ ರಿಟರ್ನುಗಳಲ್ಲಿ 2023-24ರ ಆದಾಯಕ್ಕೆ 2024-25 ಎಂಬ ನಿರ್ಧರಣಾ ವರ್ಷ ನಮೂದಾಗಿರುತ್ತದೆ. ಹೊರದೇಶದ ಪರಿಶೀಲಕರಿಗೆ ಈ ಒಂದು ವರ್ಷದ ಅಂತರ ಅರ್ಥವಾಗುವುದಿಲ್ಲ. ಎರಡು ಸಾಲಿನ ವಿವರಣೆಯನ್ನು ರಿಟರ್ನಿನ ಮುಂದಿನ ಹಾಳೆಯಲ್ಲಿ ಲಗತ್ತಿಸಿದರೆ ಒಂದು ಪತ್ರವ್ಯವಹಾರ ಉಳಿಯುತ್ತದೆ.

ಅಂಗಡಿಯಲ್ಲಿ ದುಡಿದ ಮಗನಿಗೆ ಪುರಾವೆ

ಚೀವ್ನಿಂಗ್ ಕೇಳುವುದು ಸುಮಾರು ಎರಡು ವರ್ಷಗಳ, ಅಂದರೆ 2,800 ಗಂಟೆಗಳ ಕೆಲಸದ ಅನುಭವವನ್ನು. ಫುಲ್‌ಬ್ರೈಟ್-ನೆಹರು ಸ್ನಾತಕೋತ್ತರ ಫೆಲೋಶಿಪ್‌ಗೆ ಮೂರು ವರ್ಷಗಳ ಅನುಭವ ಬೇಕು. ಪದವಿಯ ನಂತರ ತಂದೆಯ ವರ್ಕ್‌ಶಾಪಿನಲ್ಲಿ ಮೂರು ವರ್ಷ ಹಗಲಿರುಳು ದುಡಿದ ಯುವಕನಿಗೆ ಅನುಭವವಿಲ್ಲವೆಂದು ಯಾರೂ ಹೇಳಲಾರರು. ಆದರೆ ಪುರಾವೆ ಎಲ್ಲಿದೆ? ನೇಮಕಾತಿ ಪತ್ರವಿಲ್ಲ, ಪಗಾರ ಪುಸ್ತಕದಲ್ಲಿ ಹೆಸರಿಲ್ಲ, ಬ್ಯಾಂಕಿನ ಮೂಲಕ ಸಂಬಳ ಸಂದಾಯವಾಗಿಲ್ಲ. ಮನೆಯ ಮಗನಿಗೆ ಪಗಾರ ಕೊಡುವುದೇ ಎಂಬ ಸಂಕೋಚ ಸಹಜ. ಆದರೆ ಮಗನಿಗೆ ಕೆಲಸಕ್ಕೆ ತಕ್ಕ, ಮಾರುಕಟ್ಟೆಯ ದರಕ್ಕೆ ಸಮನಾದ ಸಂಬಳವನ್ನು ಚೆಕ್ಕಿನ ಮೂಲಕ ಕೊಟ್ಟು ಖರ್ಚು ಹಾಕಲು ತೆರಿಗೆ ಕಾನೂನಿನಲ್ಲಿ ಅಡ್ಡಿಯಿಲ್ಲ; ಅತಿಯಾದ ಭಾಗವನ್ನು ಮಾತ್ರ ಅಧಿಕಾರಿ ತಳ್ಳಿಹಾಕಬಹುದು. ಆ ಮಗ ತನ್ನ ರಿಟರ್ನನ್ನು ತಾನೇ ಸಲ್ಲಿಸಿದರೆ ಅವನ ಅನುಭವಕ್ಕೆ ಅದಕ್ಕಿಂತ ಉತ್ತಮ ಸಾಕ್ಷಿ ಬೇರೊಂದಿಲ್ಲ.

ಆಸ್ತಿಯ ಕಾಗದಗಳು

ಅನುದಾನ ಪೂರ್ಣ ವೆಚ್ಚವನ್ನು ಭರಿಸದಿದ್ದಾಗ ಉಳಿದುದಕ್ಕೆ ಶಿಕ್ಷಣ ಸಾಲವೇ ಗತಿ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ ರೂ. 7.5 ಲಕ್ಷ ಮೀರಿದ ಸಾಲಕ್ಕೆ ಸ್ಥಿರಾಸ್ತಿಯಂಥ ಭದ್ರತೆ ಬೇಕು, ವಿದೇಶ ವ್ಯಾಸಂಗಕ್ಕೆ ಕುಟುಂಬದ ಪಾಲು ಶೇ. 15. ದೊರೆತ ವಿದ್ಯಾರ್ಥಿವೇತನವನ್ನೂ ಈ ಪಾಲಿನಲ್ಲಿ ಗಣಿಸಬಹುದು ಎಂಬುದು ಬಹಳ ಜನರಿಗೆ ತಿಳಿಯದ ಅನುಕೂಲ.

ಇಲ್ಲಿ ಬರುವ ತೊಡಕು ಈ ಭಾಗದ ಮನೆಗಳಿಗೆ ಚಿರಪರಿಚಿತ. ಹೊಲವೇ ದೊಡ್ಡ ಆಸ್ತಿ, ಆದರೆ ಕೃಷಿ ಭೂಮಿಗೆ ಸರ್ಫೇಸಿ ಕಾಯ್ದೆ ಅನ್ವಯಿಸದ ಕಾರಣ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಅದನ್ನು ಭದ್ರತೆಯಾಗಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾದರೆ ಮನೆ ಅಥವಾ ಅಂಗಡಿಯ ಕಟ್ಟಡ. ಅದು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಇರುತ್ತದೆ, ವಾರಸಾ ಆಗಿರುವುದಿಲ್ಲ, ಅಣ್ಣತಮ್ಮಂದಿರ ವಾಟಣಿಯೂ ಬಾಯಿಮಾತಿನಲ್ಲಿ ನಡೆದಿರುತ್ತದೆ. ಗ್ರಾಮ ಪಂಚಾಯತಿ ವ್ಯಾಪ್ತಿಯ ಆಸ್ತಿಯಾದರೆ ಇ-ಸ್ವತ್ತು ನಮೂನೆಗಳೂ ಬೇಕು. ಈ ಕೆಲಸಗಳು ತಿಂಗಳುಗಟ್ಟಲೆ ಹಿಡಿಯುತ್ತವೆ. ಅಷ್ಟೇ ಅಲ್ಲ, ಅಣ್ಣತಮ್ಮಂದಿರ ಸಹಿ ಬೇಕಾದಲ್ಲಿ ಒಬ್ಬರ ಮಗನ ಓದಿಗಾಗಿ ಎಲ್ಲರ ಮನೆಯನ್ನು ಒತ್ತೆ ಇಡುವ ಪ್ರಶ್ನೆ ಏಳುತ್ತದೆ. ಅದನ್ನು ಪ್ರವೇಶ ಪತ್ರ ಬಂದ ಮೇಲೆ, ಗಡುವಿನ ಹಿಂದಿನ ವಾರ ಚರ್ಚಿಸುವುದಕ್ಕಿಂತ ಒಂದು ವರ್ಷ ಮೊದಲು ಹಿರಿಯರ ಮುಂದೆ ಕುಳಿತು ಇತ್ಯರ್ಥಪಡಿಸಿಕೊಳ್ಳುವುದು ಸಂಬಂಧಗಳಿಗೂ ಕ್ಷೇಮ.

ಆಸ್ತಿಯ ನಿವ್ವಳ ಮೌಲ್ಯದ ಪ್ರಮಾಣಪತ್ರವನ್ನು ಲೆಕ್ಕಪರಿಶೋಧಕರು ನೀಡುತ್ತಾರೆ. 2019ರ ಫೆಬ್ರುವರಿಯಿಂದ ಅಂಥ ಪ್ರತಿ ಪ್ರಮಾಣಪತ್ರಕ್ಕೂ ಯುಡಿಐಎನ್ ಸಂಖ್ಯೆ ಕಡ್ಡಾಯವಾಗಿದ್ದು, ಅದರ ಸತ್ಯಾಸತ್ಯತೆಯನ್ನು ಯಾರಾದರೂ ಪರಿಶೀಲಿಸಬಹುದು. ‘ಸ್ವಲ್ಪ ಹೆಚ್ಚು ಬರೆದುಕೊಡಿ’ ಎಂಬ ಕೋರಿಕೆಗೆ ಲೆಕ್ಕಪರಿಶೋಧಕರು ಒಪ್ಪದಿದ್ದರೆ ಮುನಿಸಿಕೊಳ್ಳಬಾರದು.

ಇನ್ನೊಂದು ದುರಭ್ಯಾಸ, ಖಾತೆಯಲ್ಲಿ ಹಣ ತೋರಿಸಲು ಪರಿಚಯದವರಿಂದ ನಗದು ತಂದು ತುಂಬುವುದು. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಹಣ ಸತತ 28 ದಿನ ಖಾತೆಯಲ್ಲಿರಬೇಕು. ಜರ್ಮನಿಗೆ 2024ರ ಸೆಪ್ಟೆಂಬರಿನಿಂದ ಒಂದು ವರ್ಷಕ್ಕೆ 11,904 ಯುರೋಗಳನ್ನು ನಿರ್ಬಂಧಿತ ಖಾತೆಯಲ್ಲಿ ಇಡಬೇಕೆಂಬ ನಿಯಮ ಬಂತು. ಇದಕ್ಕಾಗಿ ರೂ. 20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಿನಲ್ಲಿ ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ. ದಾನವೆಂದು ತೋರಿಸಿದರೆ, ಸೋದರಮಾವ ಕಾನೂನಿನ ಪ್ರಕಾರ ಸಂಬಂಧಿಯಾಗುತ್ತಾನೆ. ಅಡತಿ ಅಂಗಡಿಯ ಸ್ನೇಹಿತ ಎಷ್ಟೇ ಆತ್ಮೀಯನಾದರೂ ಆಗುವುದಿಲ್ಲ, ಅವನು ಕೊಟ್ಟ ಹಣ ವರ್ಷಕ್ಕೆ ರೂ. 50,000 ಮೀರಿದರೆ ಆದಾಯವಾಗುತ್ತದೆ.

ಹೆಸರು ಮತ್ತು ಊರು

ಸಣ್ಣದೆಂದು ತೋರಿದರೂ ಅರ್ಜಿಯನ್ನು ಮರಳಿ ಕಳುಹಿಸುವಂತೆ ಮಾಡುವ ಸಂಗತಿ ಇದು. 2014ರ ನವೆಂಬರ್ 1ರಂದು ಬೆಳಗಾವಿ ಎಂಬ ಹೆಸರು ಅಧಿಕೃತವಾಯಿತು. ಅದಕ್ಕೂ ಮುಂಚಿನ ದಾಖಲೆಗಳಲ್ಲಿ ಬೆಳಗಾಂ ಎಂದಿದೆ. ಮೂಡಲಗಿ 2018ರಲ್ಲಿ ಪ್ರತ್ಯೇಕ ತಾಲೂಕಾಯಿತು. ಅಲ್ಲಿಯ ವಿದ್ಯಾರ್ಥಿಯ ಜನನ ಪ್ರಮಾಣಪತ್ರದಲ್ಲಿ ಗೋಕಾಕ ತಾಲೂಕು, ಈಚಿನ ಆದಾಯ ಪ್ರಮಾಣಪತ್ರದಲ್ಲಿ ಮೂಡಲಗಿ ತಾಲೂಕು. ಇಲ್ಲಿಯವರಿಗೆ ಇದು ನಗೆಯ ವಿಷಯ, ಲಂಡನ್ನಿನಲ್ಲಿ ಕುಳಿತವರಿಗೆ ಎರಡು ಬೇರೆ ಊರುಗಳು. ಅಂತೆಯೇ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ನಮ್ಮ ಕ್ರಮವು ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ, ಪಾಸ್‌ಪೋರ್ಟಿನಲ್ಲಿ ಮತ್ತೊಂದು ರೀತಿ ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಪಾಸ್‌ಪೋರ್ಟ್ ಮಾಡಿಸಿ, ಉಳಿದ ಭೇದಗಳಿಗೆ ಒಂದೇ ಪ್ರಮಾಣಿತ ಹೇಳಿಕೆ ಲಗತ್ತಿಸುವುದು ಸರಿಯಾದ ಕ್ರಮ.

ಅಂದಾಜು ಪತ್ರಿಕೆ

ಬ್ಯಾಂಕಿಗೆ ಯೋಜನಾ ವರದಿ ಕೊಟ್ಟು ಅಭ್ಯಾಸವಿರುವ ಉದ್ಯಮಿಗೆ ಧನಸಹಾಯದ ಅಂದಾಜು ಪತ್ರಿಕೆ ಕಷ್ಟವಾಗಬಾರದು. ಎರಡು ವರ್ಷಗಳ ವ್ಯಾಸಂಗಕ್ಕೆ ಬೋಧನಾ ಶುಲ್ಕ ರೂ. 16 ಲಕ್ಷ, ವಾಸ್ತವ್ಯ ರೂ. 12 ಲಕ್ಷ, ವಿಮೆ, ವೀಸಾ ಮತ್ತು ಪ್ರಯಾಣ ರೂ. 2.5 ಲಕ್ಷ, ವಿನಿಮಯ ದರದ ಏರಿಳಿತಕ್ಕೆ ರೂ. 1.5 ಲಕ್ಷ, ಒಟ್ಟು ರೂ. 32 ಲಕ್ಷ ಎಂದಿಟ್ಟುಕೊಳ್ಳೋಣ. ಎದುರಿನ ಬದಿಯಲ್ಲಿ ಕೋರಿದ ಅನುದಾನ ರೂ. 8 ಲಕ್ಷ, ಸಾಲ ರೂ. 15 ಲಕ್ಷ, ಕುಟುಂಬದ ಹಣ ರೂ. 9 ಲಕ್ಷ. ಎರಡೂ ಬದಿ ಸಮವಾದವು ಎಂದು ಸಮಾಧಾನಪಡುವಂತಿಲ್ಲ. ಆ ರೂ. 9 ಲಕ್ಷ ಎಲ್ಲಿಯದು? ರೂ. 5 ಲಕ್ಷ ಠೇವಣಿಯದಾದರೆ ಸರಿ. ಉಳಿದ ರೂ. 4 ಲಕ್ಷವನ್ನು ಅಂಗಡಿಯ ಬಂಡವಾಳದಿಂದ ತೆಗೆದರೆ ದಾಸ್ತಾನು ಕಡಿಮೆಯಾಗುತ್ತದೆ, ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ ಹಣ ತೆಗೆಯುವ ಮಿತಿಯೂ ಕುಗ್ಗುತ್ತದೆ. ಮಗನ ಓದಿಗೆ ಹಣ ಕೊಡಬೇಕಾದ ಅಂಗಡಿಯೇ ಸೊರಗಿದರೆ ಎರಡನೆಯ ವರ್ಷದ ಶುಲ್ಕ ಎಲ್ಲಿಂದ ಬರಬೇಕು? ಅನುದಾನಗಳಲ್ಲಿ ಹೆಚ್ಚಿನವು ಕಂತಿನಲ್ಲಿ, ವಿದ್ಯಾರ್ಥಿ ಅಲ್ಲಿಗೆ ತಲುಪಿದ ಮೇಲೆ ಬರುತ್ತವೆ. ಠೇವಣಿ, ವೀಸಾ, ವಿಮಾನದ ಖರ್ಚು ಮಾತ್ರ ಮೊದಲೇ ಬರುತ್ತದೆ. ಆದ್ದರಿಂದ ತಿಂಗಳುವಾರು ಹಣದ ಹರಿವಿನ ಪಟ್ಟಿಯೊಂದನ್ನು ಜೊತೆಗಿಡಬೇಕು. ಒಂದೇ ಖರ್ಚನ್ನು ಎರಡು ಸಂಸ್ಥೆಗಳಿಂದ ಕೋರುವುದನ್ನಂತೂ ಯಾವ ಪರಿಶೀಲಕರೂ ಕ್ಷಮಿಸುವುದಿಲ್ಲ.

ಉದ್ದೇಶ ಪತ್ರವನ್ನು ವಿದ್ಯಾರ್ಥಿಯೇ ಬರೆಯಬೇಕು. ಪೇಟೆಯಲ್ಲಿ ಸಿಗುವ ಸಿದ್ಧ ಮಾದರಿಗಳಲ್ಲಿ ಎಲ್ಲರೂ ಬಾಲ್ಯದಿಂದಲೇ ಯಂತ್ರಗಳ ಮೇಲೆ ಪ್ರೀತಿ ಹೊಂದಿರುತ್ತಾರೆ. ತಂದೆಯ ಆಯಿಲ್ ಮಿಲ್ಲಿನಲ್ಲಿ ಯಾವ ಯಂತ್ರ ಏಕೆ ಪದೇ ಪದೇ ಕೆಡುತ್ತಿತ್ತು, ಅದನ್ನು ಸರಿಪಡಿಸಲು ಏನು ಕಲಿಯಬೇಕಾಗಿದೆ ಎಂದು ಬರೆದ ಒಂದು ಪುಟ ಅಂಥ ಹತ್ತಕ್ಕಿಂತ ಮೇಲು. ಶಿಫಾರಸು ಪತ್ರ ಬರೆಯುವ ಗುರುಗಳಿಗೆ ಕನಿಷ್ಠ ಮೂರು ವಾರಗಳ ಅವಧಿಯನ್ನೂ ವಿದ್ಯಾರ್ಥಿಯ ಸಾಧನೆಗಳ ಒಂದು ಪುಟದ ಟಿಪ್ಪಣಿಯನ್ನೂ ಕೊಡುವುದು ಸೌಜನ್ಯ.

ಕಾಲಪಟ್ಟಿಯನ್ನು ವ್ಯಾಪಾರದ ಹಂಗಾಮಿನೊಡನೆ ಹೊಂದಿಸಿಕೊಳ್ಳಬೇಕಾಗುತ್ತದೆ. ಚೀವ್ನಿಂಗ್ ಅರ್ಜಿ ಆಗಸ್ಟಿನಲ್ಲಿ ತೆರೆಯುತ್ತದೆ, ಅಂದರೆ ಪಂಚಮಿ, ಶ್ರಾವಣದ ಭರಾಟೆಯಲ್ಲಿ ಕರದಂಟಿನ ಕಡಾಯಿ ಒಲೆಯಿಂದ ಇಳಿಯದ ದಿನಗಳಲ್ಲಿ. ಎರಾಸ್ಮಸ್ ಮುಂಡಸ್ ಕೋರ್ಸುಗಳ ಅರ್ಜಿಗಳು ಬಹುತೇಕ ಅಕ್ಟೋಬರ್-ಜನವರಿಯ ನಡುವೆ, ಕಬ್ಬು ನುರಿಸುವ ಹಂಗಾಮಿನಲ್ಲಿ. ಏಪ್ರಿಲ್-ಮೇ ತಿಂಗಳಲ್ಲಿ, ವರ್ಷದ ಲೆಕ್ಕ ಮುಗಿಸುವಾಗಲೇ ಆರ್ಥಿಕ ಕಾಗದಗಳ ಒಂದು ಪ್ರತ್ಯೇಕ ಕಡತವನ್ನು ಸಿದ್ಧಪಡಿಸಿ, ಪುಟ ಸಂಖ್ಯೆ ಹಾಕಿ, ಮೊದಲ ಹಾಳೆಯಲ್ಲಿ ಅನುಕ್ರಮಣಿಕೆ ಇರಿಸಿದ ಮನೆಗೆ ಆಗ ಗಡಿಬಿಡಿಯಿಲ್ಲ.

ಹಣ ಮಂಜೂರಾದ ಮೇಲಿನ ಒಂದೆರಡು ಮಾತು. ಶಿಕ್ಷಣದ ವೆಚ್ಚಕ್ಕಾಗಿ ಪಡೆದ ವಿದ್ಯಾರ್ಥಿವೇತನಕ್ಕೆ ಆದಾಯ ತೆರಿಗೆ ಇಲ್ಲ. ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷಗಳವರೆಗೆ ವಿನಾಯಿತಿ ಇದ್ದರೂ ಅದು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಲ್ಲಿ ಒಬ್ಬ ವ್ಯಕ್ತಿ ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳುಹಿಸಬಹುದು. 2025ರ ಏಪ್ರಿಲಿನಿಂದ ರೂ. 10 ಲಕ್ಷದವರೆಗೆ ಮೂಲದಲ್ಲಿ ತೆರಿಗೆ ಸಂಗ್ರಹವಿಲ್ಲ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳುಹಿಸಿದ ಹಣಕ್ಕೆ ಆ ಮಿತಿ ಮೀರಿದರೂ ಇಲ್ಲ. ಸ್ವಂತ ಹಣವನ್ನು ಮಿತಿ ಮೀರಿ ಕಳುಹಿಸಿದಾಗ ಸಂಗ್ರಹವಾದ ತೆರಿಗೆ ಯಾರ ಪ್ಯಾನ್ ಸಂಖ್ಯೆಯಲ್ಲಿ ಜಮೆಯಾಯಿತೋ ಅವರ ರಿಟರ್ನಿನಲ್ಲಿಯೇ ಅದನ್ನು ಮರಳಿ ಪಡೆಯಬೇಕಾಗುವುದರಿಂದ, ಹಣವನ್ನು ತಂದೆಯ ಖಾತೆಯಿಂದ ಕಳುಹಿಸಬೇಕೋ ತಾಯಿಯ ಖಾತೆಯಿಂದಲೋ ಎಂಬುದನ್ನು ಮೊದಲ ಕಂತಿಗೆ ಮುಂಚೆಯೇ ನಿರ್ಧರಿಸಿ ಬ್ಯಾಂಕಿಗೆ ಲಿಖಿತವಾಗಿ ತಿಳಿಸತಕ್ಕದ್ದು.